ಸಂಶೋಧಕರ ಲೇಖನ ಸ್ಪರ್ಧೆ ಮತ್ತು ರೈತ ಓದುಗರು

ಕೃಷಿ ಸಂಶೋಧನೆಯೊಂದು ಪೂರ್ಣಗೊಳ್ಳುವುದು ಯಾವಾಗ? ಪ್ರಯೋಗದ ತಾಕಿನಲ್ಲಿ ಕೊಯ್ಲು ಮುಗಿದಾಗಲೇ? ಮಹಾಪ್ರಬಂಧಕ್ಕೆ ಪದವಿ ದೊರೆತಾಗಲೇ? ಅಥವಾ ಅದರ ಫಲ ರೈತನ ಹೊಲದಲ್ಲಿ ಬೆಳೆಯಾಗಿ ನಿಂತಾಗಲೇ? ಮೂರನೆಯ ಉತ್ತರವೇ ಸರಿ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1979ರಲ್ಲಿ ತನ್ನ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ 'ಪ್ರಯೋಗಶಾಲೆಯಿಂದ ಹೊಲಕ್ಕೆ' ಎಂಬ ಕಾರ್ಯಕ್ರಮವನ್ನು ಕೈಗೊಂಡಿದ್ದೂ ಇದೇ ಉದ್ದೇಶದಿಂದ. ಆದರೆ ಪ್ರಯೋಗಶಾಲೆಯಿಂದ ಹೊಲಕ್ಕೆ ಹೋಗುವ ದಾರಿಯಲ್ಲಿ ದಾಟಲೇಬೇಕಾದ ಒಂದು ಹಳ್ಳವಿದೆ. ಅದು ಬರವಣಿಗೆ. ಎಷ್ಟೋ ಒಳ್ಳೆಯ ಫಲಿತಾಂಶಗಳು ಈ ಹಳ್ಳವನ್ನು ದಾಟಲಾರದೆ ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿದುಬಿಡುತ್ತವೆ. ಇನ್ನು ಕೆಲವು ದಾಟುವಾಗಲೇ ರೂಪ ಕೆಟ್ಟು, ಉಪಕಾರಕ್ಕೆ ಬದಲಾಗಿ ಅಪಕಾರ ಮಾಡುತ್ತವೆ.

ಸಂಶೋಧಕರು ತಮ್ಮ ಕೆಲಸವನ್ನು ತಾವೇ ಜನರಿಗೆ ತಿಳಿಯುವಂತೆ ಬರೆಯಬೇಕೆಂದು ಇತ್ತೀಚಿನ ದಶಕಗಳಲ್ಲಿ ಲೇಖನ ಸ್ಪರ್ಧೆಗಳು ನಡೆದಿವೆ. ಈ ಸ್ಪರ್ಧೆಗಳ ಸ್ವರೂಪವೇನು, ಅವುಗಳಿಂದ ನಾವು ಕಲಿಯಬೇಕಾದುದೇನು, ಇಂತಹ ಬರಹವನ್ನು ಪರೀಕ್ಷಿಸುವುದರಲ್ಲಿ ರೈತ ಬಾಂಧವರ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸ್ಪರ್ಧೆಗಳ ಸ್ವರೂಪ

ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2018ರಲ್ಲಿ 'ಅವಸರ್' ಎಂಬ ಹೆಸರಿನ ಸ್ಪರ್ಧೆಯನ್ನು ಆರಂಭಿಸಿತು. ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಇಡಲಾಗಿದೆ. ಸಂಶೋಧನೆಯನ್ನು ತಿಳಿಯಹೇಳುವ ಬರವಣಿಗೆಯ ಕೌಶಲವನ್ನು ಹೆಚ್ಚಿಸುವುದು ಎಂಬುದು ಅದರ ತಾತ್ಪರ್ಯ. ಪಿಎಚ್.ಡಿ. ವಿದ್ಯಾರ್ಥಿಗಳಿಗೂ, ಪದವಿ ಪಡೆದ ಮೇಲೆ ಸಂಶೋಧನೆ ಮುಂದುವರಿಸಿರುವವರಿಗೂ ಪ್ರತ್ಯೇಕ ವಿಭಾಗಗಳಿದ್ದವು. ತಾನು ಮಾಡುತ್ತಿರುವ ಸಂಶೋಧನೆಯನ್ನೇ ಸಾಮಾನ್ಯ ಓದುಗನಿಗೆ ಅರ್ಥವಾಗುವ ಲೇಖನವಾಗಿ ಬರೆಯಬೇಕೆಂಬುದು ಮುಖ್ಯ ನಿಯಮ. ವಿದ್ಯಾರ್ಥಿಗಳ ವಿಭಾಗದಲ್ಲಿ 100 ಲೇಖನಗಳಿಗೆ ತಲಾ 10,000 ರೂಪಾಯಿ, ಅವುಗಳಲ್ಲಿ ಮೊದಲ ಮೂರಕ್ಕೆ ಕ್ರಮವಾಗಿ 1,00,000, 50,000 ಮತ್ತು 25,000 ರೂಪಾಯಿ ಬಹುಮಾನವೆಂದು ಪ್ರಕಟಿಸಲಾಗಿತ್ತು. ಎರಡನೆಯ ವಿಭಾಗದಲ್ಲಿ 20 ಲೇಖನಗಳಿಗೆ ತಲಾ 10,000 ರೂಪಾಯಿ, ಅತ್ಯುತ್ತಮವಾದ ಒಂದಕ್ಕೆ 1,00,000 ರೂಪಾಯಿ. ಬಹುಮಾನ ವಿತರಣೆಗೆ ಆರಿಸಿಕೊಂಡ ದಿನ ಫೆಬ್ರವರಿ 28. ಸರ್ ಸಿ. ವಿ. ರಾಮನ್ ಅವರ ಹೆಸರಿನಿಂದ ಪ್ರಸಿದ್ಧವಾದ ಪರಿಣಾಮವು 1928ರಲ್ಲಿ ಕಂಡುಬಂದುದರ ನೆನಪಿಗಾಗಿ ಅದು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲ್ಪಡುತ್ತಿದೆ.

ಇಂಗ್ಲೆಂಡಿನಲ್ಲಿ ಇದಕ್ಕಿಂತ ಹಳೆಯದಾದ ಒಂದು ಸ್ಪರ್ಧೆಯಿದೆ. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯು 1998ರಲ್ಲಿ ಆರಂಭಿಸಿದ ಈ ಬಹುಮಾನಕ್ಕೆ ಮ್ಯಾಕ್ಸ್ ಪೆರುಟ್ಸ್ ಎಂಬ ವಿಜ್ಞಾನಿಯ ಹೆಸರಿಡಲಾಗಿದೆ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ನಿನ ರಚನೆಯನ್ನು ಕಂಡುಹಿಡಿದು 1962ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಪೆರುಟ್ಸ್, ಸಾಮಾನ್ಯರಿಗಾಗಿ ಬರೆಯುವುದರಲ್ಲಿಯೂ ನಿಪುಣರಾಗಿದ್ದರು. ಆ ಸ್ಪರ್ಧೆಗೆ ಬರೆಯುವ ವಿದ್ಯಾರ್ಥಿಯು ಉತ್ತರಿಸಬೇಕಾದ ಪ್ರಶ್ನೆ ಒಂದೇ: ನನ್ನ ಸಂಶೋಧನೆ ಏಕೆ ಮುಖ್ಯ? ಪ್ರಶ್ನೆ ಸುಲಭವೆನಿಸಬಹುದು. ನಾಲ್ಕು ವರ್ಷ ಒಂದೇ ವಿಷಯದಲ್ಲಿ ಮುಳುಗಿದವನಿಗೆ ಒಂದು ಸಾವಿರ ಪದಗಳ ಆಸುಪಾಸಿನಲ್ಲಿ ಇದಕ್ಕೆ ಉತ್ತರ ಬರೆಯುವುದು ಎಷ್ಟು ಕಷ್ಟವೆಂಬುದು ಬರೆಯಲು ಕುಳಿತವನಿಗೇ ಗೊತ್ತು.

ನಮ್ಮ ದೇಶದ ಸ್ಪರ್ಧೆಯ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕಾಗಿದೆ. ಅದಕ್ಕೆ ಲೇಖನಗಳನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕಾಗಿತ್ತು. ಮಂಡ್ಯದ ಕಬ್ಬಿನ ಮೇಲೋ ರಾಯಚೂರಿನ ತೊಗರಿಯ ಮೇಲೋ ಕೆಲಸ ಮಾಡಿದ ವಿದ್ಯಾರ್ಥಿಯು ಅದರಲ್ಲಿ ಬಹುಮಾನ ಪಡೆದರೂ ಆ ಲೇಖನವನ್ನು ಮಂಡ್ಯದ ಅಥವಾ ರಾಯಚೂರಿನ ರೈತ ಓದಲಾರ. 'ಅವಸರ್' ಎಂಬ ಹೆಸರನ್ನೇ ನೋಡಿರಿ. ಹಿಂದಿಯವರಿಗೆ ಅದು ಸದವಕಾಶ. ನಮ್ಮ ಹಳ್ಳಿಯಲ್ಲಿ ಆ ಮಾತನ್ನಾಡಿದರೆ ಆತುರವೆಂದೇ ತಿಳಿಯುತ್ತಾರೆ. ಬರೆದವನ ಮನಸ್ಸಿನಲ್ಲಿ ಒಂದು ಅರ್ಥ, ಓದಿದವನ ಮನಸ್ಸಿನಲ್ಲಿ ಇನ್ನೊಂದು. ಹೆಸರಿನ ವಿಷಯದಲ್ಲಾದರೆ ನಕ್ಕು ಸುಮ್ಮನಾಗಬಹುದು. ಗೊಬ್ಬರದ ವಿಷಯದಲ್ಲಾದರೆ ನಗುವಂತಿಲ್ಲ.

ನನ್ನ ತಪ್ಪಿನಿಂದ ಕಲಿತ ಪಾಠ

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಆಗತಾನೆ ಡಾಕ್ಟರೇಟ್ ಮುಗಿಸಿದ್ದೆ. ರೈತರ ತರಬೇತಿಯೊಂದರಲ್ಲಿ ನೀರಾವರಿ ರಾಗಿಯ ಬಗ್ಗೆ ಪಾಠ ಹೇಳಿ, ನಾನೇ ಬರೆದ ಒಂದು ಹಾಳೆಯನ್ನು ಹಂಚಿದ್ದೆ. ಅದರಲ್ಲಿದ್ದ ಕೋಷ್ಟಕದ ತಲೆಯಲ್ಲಿ 'ಕಿ.ಗ್ರಾಂ./ಹೆ.' ಎಂದೂ, ಕೆಳಗೆ ಸಾರಜನಕ 100, ರಂಜಕ 50, ಪೊಟ್ಯಾಷ್ 50 ಎಂದೂ ಅಚ್ಚಾಗಿತ್ತು. ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು.

ಆ ತರಬೇತಿಗೆ ಬಂದಿದ್ದ ಹಿರಿಯ ರೈತರೊಬ್ಬರು ಕೊಳವೆ ಬಾವಿಯ ಕೆಳಗಿನ ಒಂದು ಎಕರೆಯಲ್ಲಿ ರಾಗಿ ನಾಟಿ ಮಾಡಿದರು. ಅವರ ಎಲ್ಲ ಲೆಕ್ಕವೂ ಎಕರೆಯಲ್ಲಿಯೇ. 'ಹೆ.' ಎಂಬ ಒಂಟಿ ಅಕ್ಷರ ಅವರಿಗೆ ಏನನ್ನೂ ಹೇಳಲಿಲ್ಲ. ಆದರೆ ಸಾರಜನಕ ಬೇರೆ, ಯೂರಿಯಾ ಬೇರೆ ಎಂದು ನಾನು ಪಾಠದಲ್ಲಿ ಒತ್ತಿ ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. 100 ಕಿಲೋ ಸಾರಜನಕಕ್ಕೆ 217 ಕಿಲೋ ಯೂರಿಯಾ ಬೇಕೆಂದು ಯಾರಿಂದಲೋ ಲೆಕ್ಕ ಹಾಕಿಸಿದರು. ಆಗಿನ 50 ಕಿಲೋ ಚೀಲದಲ್ಲಿ ನಾಲ್ಕು ಚೀಲದ ಮೇಲೆ ಹದಿನೇಳು ಕಿಲೋ. ಅಷ್ಟನ್ನೂ ತಂದು ಒಂದೇ ಎಕರೆಗೆ ಎರಡು ಕಂತಿನಲ್ಲಿ ಹಾಕಿದರು. ಬೇಕಾದುದರ ಎರಡೂವರೆ ಪಾಲು ಸಾರಜನಕ ಭೂಮಿಗೆ ಬಿತ್ತು.

ಮೊದಲಿಗೆ ಪೈರು ಕಣ್ಣಿಗೆ ಹಬ್ಬವಾಗಿತ್ತಂತೆ. ಕಡು ಹಸಿರು ಎಲೆ, ಒತ್ತಾದ ತೆಂಡೆ, ಎದೆಯುದ್ದ ಬೆಳವಣಿಗೆ. ಸಾರಜನಕ ಅತಿಯಾದಾಗ ದಂಟು ಉದ್ದವಾಗಿಯೂ ಮೆತ್ತಗಾಗಿಯೂ ಬೆಳೆಯುತ್ತದೆ, ತೆನೆಯ ಭಾರವನ್ನು ತಾಳುವುದಿಲ್ಲ. ಕಾಳು ಹಾಲು ತುಂಬುವ ಹೊತ್ತಿಗೆ ಒಂದು ರಾತ್ರಿ ಗಾಳಿ ಮಳೆ ಬಂದಿತು. ಬೆಳಗಾಗುವ ವೇಳೆಗೆ ಇಡೀ ಎಕರೆ ನೆಲಕ್ಕೆ ಒರಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಂದಿನ ಫಸಲಿನ ಅರ್ಧವೂ ದಕ್ಕಲಿಲ್ಲ, ಹುಲ್ಲು ಕೊಳೆತು ದನಕ್ಕೂ ಆಗಲಿಲ್ಲ.

ಅವರು ಆ ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ನನ್ನ ಕೊಠಡಿಗೆ ಬಂದರು. ಬೈಯಲಿಲ್ಲ. ಮೇಜಿನ ಮೇಲೆ ಹಾಳೆಯನ್ನು ಹರಡಿ, "ಸ್ವಾಮಿ, ನೀವು ಬರೆದದ್ದೂ ಸರಿ ಇರಬೈದು, ನಾನು ಓದಿದ್ದೂ ಸರೀನೇ. ಎರಡರ ಮಧ್ಯ ನನ್ ರಾಗಿ ಮಲಿಕ್ಕೊಂಡ್ತು ನೋಡಿ" ಎಂದರು. ನಾನು 'ಹೆ.' ಎಂದರೆ ಹೆಕ್ಟೇರು, ಎರಡೂವರೆ ಎಕರೆ ಎಂದು ವಿವರಿಸಲು ಹೊರಟೆ. "ಅದನ್ನ ಆವತ್ತೇ ಬರೆದಿದ್ರೆ ಎಷ್ಟು ಜಾಗ ತಿಂತಿತ್ತು?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ನನ್ನ ಮಹಾಪ್ರಬಂಧವನ್ನು ಓದಿದ ಪರೀಕ್ಷಕರಲ್ಲಿ ಒಬ್ಬರೂ 'ಹೆ.' ಎಂದರೇನು ಎಂದು ಕೇಳಿರಲಿಲ್ಲ. ಅವರಿಗೆ ಅದು ಗೊತ್ತಿತ್ತು. ಯಾರಿಗೆ ಗೊತ್ತಿಲ್ಲವೋ ಅವರಿಗಾಗಿ ಬರೆಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಕಲಿಯಲು ಹೋಗಿರಲಿಲ್ಲ.

ಪ್ರಬಂಧಕ್ಕೂ ಲೇಖನಕ್ಕೂ ಇರುವ ವ್ಯತ್ಯಾಸ

ಮಹಾಪ್ರಬಂಧವನ್ನು ಓದುವವರು ಬೆರಳೆಣಿಕೆಯಷ್ಟು ಮಂದಿ, ಎಲ್ಲರೂ ಆ ವಿಷಯದ ತಜ್ಞರು. ಅದು ಹಿಂದೆ ಯಾರು ಯಾರು ಏನು ಮಾಡಿದ್ದಾರೆ ಎಂಬುದರಿಂದ ಆರಂಭವಾಗಿ, ಪ್ರಯೋಗದ ವಿಧಾನವನ್ನು ಹೇಳಿ, ಫಲಿತಾಂಶವನ್ನು ಕಟ್ಟಕಡೆಗೆ ಕೊಡುತ್ತದೆ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಧಿಸಿ ತೋರಿಸುವುದು ಅದರ ಧರ್ಮ. ರೈತನಿಗಾಗಿ ಬರೆದ ಲೇಖನದ ಧರ್ಮ ಬೇರೆ. ಏನು ಮಾಡಬೇಕು, ಎಷ್ಟು, ಯಾವಾಗ, ಎಂತಹ ಭೂಮಿಯಲ್ಲಿ, ಖರ್ಚೆಷ್ಟು, ಮಾಡದಿದ್ದರೆ ನಷ್ಟವೇನು, ತಪ್ಪಿ ಮಾಡಿದರೆ ಅಪಾಯವೇನು ಎಂಬ ಪ್ರಶ್ನೆಗಳಿಗೆ ಅದು ಉತ್ತರ ಕೊಡಬೇಕು. ಇದು ಕೆಳದರ್ಜೆಯ ಬರವಣಿಗೆಯಲ್ಲ. ಪ್ರಬಂಧದಲ್ಲಿ ತಪ್ಪಿದರೆ ತಿದ್ದಲು ಮಾರ್ಗದರ್ಶಕರಿರುತ್ತಾರೆ. ರೈತನ ಕೈಗೆ ಹೋದ ಹಾಳೆಯಲ್ಲಿ ತಪ್ಪಿದರೆ ತಿದ್ದುವುದು ಮುಂದಿನ ವರ್ಷದ ಮಳೆಯೇ.

ಸಂಶೋಧಕರು ದಿನವೂ ಬಳಸುವ ಎರಡು ಮಾತುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲನೆಯದು, 'ಎರಡೂ ಉಪಚಾರಗಳು ಸಮಸಮವಾಗಿದ್ದವು' ಎಂಬುದು. ಒಂದರಲ್ಲಿ 32 ಕ್ವಿಂಟಾಲ್, ಇನ್ನೊಂದರಲ್ಲಿ 33 ಕ್ವಿಂಟಾಲ್ ಇಳುವರಿ ಬಂದಿದೆ ಎಂದಿಟ್ಟುಕೊಳ್ಳಿ. ಒಂದೇ ಹೊಲದಲ್ಲಿಯೂ ಮಣ್ಣು ಮೊಳಕ್ಕೊಂದು ತೆರನಾಗಿರುತ್ತದೆ. ಆದುದರಿಂದ ಪ್ರತಿಯೊಂದು ಉಪಚಾರವನ್ನೂ ಮೂರು ನಾಲ್ಕು ತಾಕುಗಳಲ್ಲಿ ಪುನರಾವರ್ತಿಸಿ, ಕಂಡುಬಂದ ವ್ಯತ್ಯಾಸವು ಉಪಚಾರದಿಂದ ಬಂದದ್ದೋ, ಮಣ್ಣಿನ ಏರುಪೇರಿನಿಂದ ಬಂದದ್ದೋ ಎಂದು ಲೆಕ್ಕ ಹಾಕುತ್ತಾರೆ. ಏರುಪೇರಿನಿಂದಲೇ ಬರಬಹುದಾದಷ್ಟು ಸಣ್ಣ ವ್ಯತ್ಯಾಸವಾದರೆ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಇದನ್ನು ರೈತನ ಮಾತಿನಲ್ಲಿ ಹೇಳುವುದಾದರೆ, 'ಎರಡರಲ್ಲಿ ಯಾವುದನ್ನು ಮಾಡಿದರೂ ಇಳುವರಿಯಲ್ಲಿ ಭೇದವಿಲ್ಲ, ಆದುದರಿಂದ ಖರ್ಚು ಕಡಿಮೆ ಇರುವುದನ್ನು ಮಾಡಿರಿ.' ಈ ಕೊನೆಯ ವಾಕ್ಯವೇ ರೈತನಿಗೆ ಬೇಕಾದುದು. ಎಷ್ಟೋ ಲೇಖನಗಳಲ್ಲಿ ಅದೇ ಇರುವುದಿಲ್ಲ. ಬದಲಾಗಿ 33 ದೊಡ್ಡದೆಂದು ತೋರಿಸಿ ದುಬಾರಿ ಉಪಚಾರವನ್ನು ಹೊಗಳಿರುತ್ತಾರೆ.

ಎರಡನೆಯದು, 'ಹೆಕ್ಟೇರಿಗೆ ಇಷ್ಟು ಇಳುವರಿ' ಎಂಬುದು. ಪ್ರಯೋಗದ ತಾಕು ಸಾಮಾನ್ಯವಾಗಿ ಚಿಕ್ಕದು. 4 ಮೀಟರ್ ಉದ್ದ, 3 ಮೀಟರ್ ಅಗಲದ ತಾಕೆಂದರೆ 12 ಚದರ ಮೀಟರ್. ಅದರ ಇಳುವರಿಯನ್ನು ಹೆಕ್ಟೇರಿಗೆ ಏರಿಸಲು ಸುಮಾರು 833ರಿಂದ ಗುಣಿಸಬೇಕು. ತಾಕಿನ ತೂಕದಲ್ಲಿ ಕೇವಲ 100 ಗ್ರಾಂ ಹೆಚ್ಚು ಕಡಿಮೆಯಾದರೆ ಹೆಕ್ಟೇರಿನ ಲೆಕ್ಕದಲ್ಲಿ 83 ಕಿಲೋ ಹೆಚ್ಚು ಕಡಿಮೆಯಾಗುತ್ತದೆ. ಜೊತೆಗೆ ಆ ತಾಕಿನಲ್ಲಿ ಕಳೆ ಇರುವುದಿಲ್ಲ, ನೀರು ತಡವಾಗುವುದಿಲ್ಲ, ಹಕ್ಕಿಯ ಕಾವಲಿರುತ್ತದೆ. ಆದುದರಿಂದ ತಾಕಿನ ಇಳುವರಿಯನ್ನು ರೈತನಿಗೆ ಭರವಸೆಯೆಂಬಂತೆ ಬರೆಯಬಾರದು. ಯಾವ ಮಣ್ಣಿನಲ್ಲಿ, ಎಷ್ಟು ವರ್ಷ, ಎಂತಹ ಮಳೆಯಲ್ಲಿ ಪ್ರಯೋಗ ನಡೆಯಿತು ಎಂಬುದನ್ನು ಒಂದು ವಾಕ್ಯದಲ್ಲಿಯಾದರೂ ಹೇಳತಕ್ಕದ್ದು.

ಒಂದು ಉದಾಹರಣೆ: ಶಿಫಾರಸನ್ನು ರೈತನ ಲೆಕ್ಕಕ್ಕೆ ತರುವುದು

ನನ್ನ ಹಳೆಯ ಹಾಳೆಯಲ್ಲಿದ್ದ ಶಿಫಾರಸನ್ನೇ ತೆಗೆದುಕೊಳ್ಳೋಣ. ನೀರಾವರಿ ರಾಗಿಗೆ ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 50 ಕಿಲೋ ಪೊಟ್ಯಾಷ್. ಸಾರಜನಕದ ಅರ್ಧವನ್ನೂ ಉಳಿದೆರಡನ್ನು ಪೂರ್ತಿಯಾಗಿಯೂ ನಾಟಿಯ ಸಮಯದಲ್ಲಿ ಕೊಟ್ಟು, ಉಳಿದ ಸಾರಜನಕವನ್ನು ಮೇಲುಗೊಬ್ಬರವಾಗಿ ಕೊಡಬೇಕು. ಇದನ್ನು ನಾಲ್ಕು ಹಂತಗಳಲ್ಲಿ ರೈತನ ಲೆಕ್ಕಕ್ಕೆ ತರಬಹುದು.

1. ಹೆಕ್ಟೇರಿನಿಂದ ಎಕರೆಗೆ: ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಎರಡೂವರೆಯಿಂದ ಭಾಗಿಸಿದರೆ ಎಕರೆಗೆ ಸಾರಜನಕ 40 ಕಿಲೋ, ರಂಜಕ 20 ಕಿಲೋ, ಪೊಟ್ಯಾಷ್ 20 ಕಿಲೋ.

2. ಪೋಷಕಾಂಶದಿಂದ ಗೊಬ್ಬರಕ್ಕೆ: ಡಿ.ಎ.ಪಿ.ಯಲ್ಲಿ ಶೇಕಡ 46 ರಂಜಕವೂ ಶೇಕಡ 18 ಸಾರಜನಕವೂ ಇವೆ. 20 ಕಿಲೋ ರಂಜಕಕ್ಕೆ ಸುಮಾರು 44 ಕಿಲೋ ಡಿ.ಎ.ಪಿ. ಬೇಕು. ಅದರಿಂದಲೇ ಸುಮಾರು 8 ಕಿಲೋ ಸಾರಜನಕ ದೊರೆಯುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಶೇಕಡ 60 ಪೊಟ್ಯಾಷ್ ಇರುವುದರಿಂದ 33 ಕಿಲೋ ಸಾಕು.

3. ಕಂತುಗಳು: ನಾಟಿಯ ಸಮಯಕ್ಕೆ ಬೇಕಾದ 20 ಕಿಲೋ ಸಾರಜನಕದಲ್ಲಿ 8 ಕಿಲೋ ಡಿ.ಎ.ಪಿ.ಯಿಂದಲೇ ಬಂದಿತು. ಉಳಿದ 12 ಕಿಲೋಗೆ 26 ಕಿಲೋ ಯೂರಿಯಾ. ಮೇಲುಗೊಬ್ಬರದ 20 ಕಿಲೋ ಸಾರಜನಕಕ್ಕೆ ಸುಮಾರು 43 ಕಿಲೋ ಯೂರಿಯಾ.

4. ಕಿಲೋವಿನಿಂದ ಚೀಲಕ್ಕೆ: 2018ರಿಂದ ಯೂರಿಯಾ ಚೀಲದ ತೂಕ 50 ಕಿಲೋಗೆ ಬದಲಾಗಿ 45 ಕಿಲೋ ಆಗಿದೆ. ಹಳೆಯ ಕರಪತ್ರದಲ್ಲಿ 'ಎರಡು ಚೀಲ' ಎಂದಿದ್ದರೆ ಇಂದಿನ ಎರಡು ಚೀಲ ಅದಕ್ಕಿಂತ 10 ಕಿಲೋ ಕಡಿಮೆ. ಆದುದರಿಂದ ಚೀಲವನ್ನು ಹೇಳುವಾಗ ಕಿಲೋವನ್ನೂ ಜೊತೆಗೆ ಬರೆಯಬೇಕು.

ಈಗ ಇದನ್ನು ರೈತನಿಗೆ ಹೀಗೆ ಬರೆಯಬಹುದು:

'ಒಂದು ಎಕರೆ ನೀರಾವರಿ ರಾಗಿಗೆ ನಾಟಿ ಮಾಡುವಾಗ ಡಿ.ಎ.ಪಿ. 44 ಕಿಲೋ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 33 ಕಿಲೋ ಮತ್ತು ಯೂರಿಯಾ 26 ಕಿಲೋ ಹಾಕಿರಿ. ನಾಟಿಯಾದ ಮೂರು ನಾಲ್ಕು ವಾರಗಳಲ್ಲಿ ಕಳೆ ತೆಗೆದ ಮೇಲೆ ಯೂರಿಯಾ 43 ಕಿಲೋ ಮೇಲುಗೊಬ್ಬರ ಕೊಡಿರಿ. ಇದು 45 ಕಿಲೋ ಚೀಲಕ್ಕೆ ಎರಡು ಕಿಲೋ ಕಡಿಮೆ, ಗುಂಟೆಗೆ ಒಂದು ಕಿಲೋವಿಗಿಂತ ತುಸು ಹೆಚ್ಚು. ಮೇಲುಗೊಬ್ಬರ ಕೊಡುವಾಗ ಮಣ್ಣನ್ನು ಹಿಡಿದು ಅದುಮಿದರೆ ಉಂಡೆ ಕಟ್ಟುವಷ್ಟು ತೇವವಿರಬೇಕು, ನೀರು ನಿಂತಿರಬಾರದು. ಯೂರಿಯಾ ಇದಕ್ಕಿಂತ ಹೆಚ್ಚಾದರೆ ದಂಟು ಮೆತ್ತಗಾಗಿ ಪೈರು ಬೀಳುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ವರದಿಯಂತೆ ಗೊಬ್ಬರವನ್ನು ಹೆಚ್ಚು ಕಡಿಮೆ ಮಾಡಿರಿ. ಈ ಲೆಕ್ಕ ನೀರಾವರಿಗೆ ಮಾತ್ರ. ಖುಷ್ಕಿ ರಾಗಿಗೆ ಇದನ್ನು ಅನುಸರಿಸಬೇಡಿರಿ.'

ಕೋಷ್ಟಕದ ಒಂದು ಸಾಲು ಹತ್ತು ಸಾಲಾಯಿತು. ಆ ಹಿರಿಯರು ಕೇಳಿದ 'ಎಷ್ಟು ಜಾಗ' ಎಂಬ ಪ್ರಶ್ನೆಗೆ ಇದೇ ಉತ್ತರ.

ನಮ್ಮಲ್ಲಿ ನಡೆದಿರುವ ಕೆಲಸ

ಕನ್ನಡದಲ್ಲಿ ವಿಜ್ಞಾನವನ್ನು ಬರೆಯಲಾಗದು ಎಂದು ಹೇಳುವವರು ಇಂದಿಗೂ ಇದ್ದಾರೆ. ನೂರು ವರ್ಷಗಳಿಗಿಂತ ಹಿಂದೆಯೇ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರತಂದರು. ಶಿವರಾಮ ಕಾರಂತರು ಒಬ್ಬರೇ ಕುಳಿತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ'ವನ್ನು ಪ್ರಕಟಿಸಿತು. ಸಂಶೋಧಕನೇ ತನ್ನ ಕೆಲಸವನ್ನು ತಾನೇ ಬರೆಯಬೇಕೆಂಬ ಮಾತಿಗೆ ಡಾ. ಬಿ. ಜಿ. ಎಲ್. ಸ್ವಾಮಿಯವರಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಸಸ್ಯಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಖ್ಯಾತಿ ಪಡೆದಿದ್ದ ಅವರು, ವಿದ್ಯಾರ್ಥಿಗಳೊಡನೆ ಕಾಡು ಸುತ್ತಿ ಕಂಡ ಗಿಡಗಳ ಕಥೆಯನ್ನು 'ಹಸುರು ಹೊನ್ನು' ಎಂಬ ಪುಸ್ತಕವಾಗಿ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಬರಹಗಾರರಲ್ಲದವರಿಂದಲೂ ಈ ವಿಷಯದಲ್ಲಿ ಕಲಿಯುವುದಿದೆ. 'ರಾಗಿ ಲಕ್ಷ್ಮಣಯ್ಯ'ನವರೆಂದು ಹೆಸರಾದ ಸಿ. ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿ. ಸಿ. ಫಾರಂನಲ್ಲಿ ರಾಗಿಯ ತಳಿ ಅಭಿವೃದ್ಧಿ ಕಾರ್ಯ ನಡೆಸಿದರು. ರಾಗಿಯ ಹೂ ಅತಿ ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುವಂತಹುದು. ಎರಡು ತಳಿಗಳನ್ನು ಬೆರಸುವುದು ಬಹಳ ತಾಳ್ಮೆಯ ಕೆಲಸ. ಅವರು ನಮ್ಮ ದೇಶದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಬೆರಸಿ ಪಡೆದ ತಳಿಗಳಿಗೆ 'ಇಂಡಾಫ್' ಎಂದು ಹೆಸರಾಯಿತು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಸಂಶೋಧನೆಯ ಸಾರವೆಲ್ಲ ಆ ಮೂರು ಅಕ್ಷರಗಳಲ್ಲಿದೆ. ಓದು ಬಾರದ ರೈತನೂ ಬೀಜ ಕೇಳುವಾಗ ಆ ಹೆಸರನ್ನು ತಪ್ಪಿಲ್ಲದೆ ಹೇಳುತ್ತಿದ್ದ.

ಬರೆಯುವ ಸಂಶೋಧಕರು ಗಮನಿಸಬೇಕಾದ ಅಂಶಗಳು

1. ಮೊದಲ ನಾಲ್ಕು ವಾಕ್ಯಗಳಲ್ಲಿಯೇ ರೈತನ ಸಮಸ್ಯೆಯನ್ನೂ ನಿಮ್ಮ ಫಲಿತಾಂಶವನ್ನೂ ಹೇಳಿರಿ. ಬೆಳೆಯ ಮೂಲ, ಕುಟುಂಬ, ಜಗತ್ತಿನಲ್ಲಿ ಅದರ ವಿಸ್ತೀರ್ಣ ಇವೆಲ್ಲ ಆಮೇಲೆ, ಬೇಕಿದ್ದರೆ ಮಾತ್ರ.

2. ಅಳತೆಗಳನ್ನು ಓದುಗ ಬಳಸುವ ಮಾನದಲ್ಲಿಯೇ ಕೊಡಿರಿ. ಎಕರೆ, ಗುಂಟೆ, ಕಿಲೋ, ಚೀಲ, ಅಡಿ. ಸಿಂಪರಣೆಯ ಔಷಧಿಯಾದರೆ ಒಂದು ಲೀಟರ್ ನೀರಿಗೆ ಎಷ್ಟು, ಎಕರೆಗೆ ಎಷ್ಟು ನೀರು ಎಂಬ ಎರಡನ್ನೂ ಬರೆಯಿರಿ. ಸಂಕ್ಷಿಪ್ತಾಕ್ಷರಗಳನ್ನು ಬಿಡಿಸಿ ಬರೆಯಿರಿ.

3. ರೈತನ ಬಾಯಲ್ಲಿರುವ ಪದವಿದ್ದರೆ ಅದನ್ನೇ ಬಳಸಿರಿ. 'ಪಾರ್ಶ್ವ ಕಾಂಡೋತ್ಪತ್ತಿ' ಎನ್ನುವ ಬದಲು ತೆಂಡೆ ಒಡೆಯುವುದು ಎಂದರೆ ಸಾಕು. ಒಂದು ವಸ್ತುವಿಗೆ ಲೇಖನದುದ್ದಕ್ಕೂ ಒಂದೇ ಹೆಸರಿರಲಿ.

4. ಕಾರಣವನ್ನು ಹೇಳಿರಿ. ಏಕೆಂದು ತಿಳಿದ ರೈತ ಪರಿಸ್ಥಿತಿ ಬದಲಾದಾಗ ತಾನೇ ಯೋಚಿಸಬಲ್ಲ. ಬರೀ ಆದೇಶವನ್ನು ಪಾಲಿಸಿದವನು ಮಳೆ ತಡವಾದರೆ ದಿಕ್ಕು ಕಾಣದೆ ನಿಲ್ಲುತ್ತಾನೆ.

5. ನಿಮ್ಮ ಪ್ರಯೋಗದ ಮಿತಿಯನ್ನು ಮುಚ್ಚಿಡಬೇಡಿರಿ. ಕೆಂಪು ಮಣ್ಣಿನಲ್ಲಿ ಕಂಡದ್ದನ್ನು ಎರೆ ಭೂಮಿಗೆ ಹೇಳಬೇಡಿರಿ. ವಿಫಲವಾದ ಉಪಚಾರವನ್ನೂ ತಿಳಿಸಿರಿ. ಅದನ್ನು ಮಾಡಿ ಹಣ ಕಳೆದುಕೊಳ್ಳುವವರು ಉಳಿಯುತ್ತಾರೆ.

6. ಅಚ್ಚಿಗೆ ಕೊಡುವ ಮುನ್ನ ಒಬ್ಬ ರೈತನ ಎದುರಿಗೆ ಗಟ್ಟಿಯಾಗಿ ಓದಿರಿ. ಅವರ ಹುಬ್ಬು ಗಂಟಿಕ್ಕಿದ ಕಡೆಯಲ್ಲೆಲ್ಲ ಗೆರೆ ಎಳೆದು ತಿದ್ದಿರಿ.

ರೈತರೂ ತೀರ್ಪುಗಾರರಾಗಬೇಕು

ದೊಡ್ಡ ಸ್ಪರ್ಧೆಗಳಲ್ಲಿ ತೀರ್ಪು ಕೊಡುವವರು ವಿಜ್ಞಾನಿಗಳು ಮತ್ತು ಪತ್ರಕರ್ತರು. ಅದು ತಪ್ಪಲ್ಲ. ಆದರೆ ಕೃಷಿಯ ಲೇಖನಕ್ಕೆ ಅಷ್ಟು ಸಾಲದು. ವಿಸ್ತರಣಾ ಕಾರ್ಯಕರ್ತರು ರೈತ ಸಂಪರ್ಕ ಕೇಂದ್ರದಲ್ಲಿಯೋ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಕೃಷಿ ಮೇಳದ ಹೊತ್ತಿನಲ್ಲಿ ಇಂತಹ ಚಿಕ್ಕ ಸ್ಪರ್ಧೆಯನ್ನು ಕನ್ನಡದಲ್ಲಿ ನಡೆಸಬಹುದು. ಅದಕ್ಕೆ ಲಕ್ಷ ರೂಪಾಯಿ ಬೇಕಿಲ್ಲ. ಸ್ನಾತಕೋತ್ತರ ಹಾಗೂ ಪಿಎಚ್.ಡಿ. ವಿದ್ಯಾರ್ಥಿಗಳಿಂದ ಅವರವರ ಸಂಶೋಧನೆಯ ಬಗ್ಗೆ 600 ಪದಗಳ ಲೇಖನವನ್ನು ತರಿಸಿಕೊಂಡು ಎರಡು ಹಂತದಲ್ಲಿ ಪರಿಶೀಲಿಸಬಹುದು.

ಮೊದಲ ಹಂತದಲ್ಲಿ ಇಬ್ಬರು ವಿಷಯ ತಜ್ಞರು ಬರೆದುದೆಲ್ಲ ಸತ್ಯವೇ, ಅಂಕಿಗಳು ಸರಿಯೇ ಎಂದು ನೋಡಬೇಕು. ಸುಳ್ಳಿರುವ ಲೇಖನ ಎಷ್ಟೇ ಸೊಗಸಾಗಿದ್ದರೂ ಅಲ್ಲಿಗೇ ನಿಲ್ಲಬೇಕು. ಎರಡನೆಯ ಹಂತದಲ್ಲಿ ಆ ಬೆಳೆಯನ್ನು ಬೆಳೆಯುವ ಐವರು ರೈತರು, ಅವರಲ್ಲಿ ಇಬ್ಬರಾದರೂ ಮಹಿಳೆಯರು, ಲೇಖನವನ್ನು ಒಮ್ಮೆ ಓದಬೇಕು ಅಥವಾ ಓದಿಸಿ ಕೇಳಬೇಕು. ಅನಂತರ ಲೇಖನವನ್ನು ಮುಚ್ಚಿಟ್ಟು ಐದು ಪ್ರಶ್ನೆಗಳನ್ನು ಕೇಳತಕ್ಕದ್ದು: ಏನು ಮಾಡಬೇಕು? ನಿಮ್ಮ ಒಂದು ಎಕರೆಗೆ ಎಷ್ಟು? ಯಾವಾಗ? ಏಕೆ? ಯಾವ ಸಂದರ್ಭದಲ್ಲಿ ಮಾಡಬಾರದು? ಐವರೂ ಒಂದೇ ಉತ್ತರ ಕೊಟ್ಟರೆ ಲೇಖನ ಗೆದ್ದಿತು. ಐವರು ಐದು ಉತ್ತರ ಕೊಟ್ಟರೆ ದಡ್ಡತನ ಓದಿದವರದಲ್ಲ, ಬರಹದ್ದು. ಒಟ್ಟು 100 ಅಂಕಗಳಲ್ಲಿ ಸತ್ಯತೆಗೆ 40, ರೈತರಿಗೆ ತಿಳಿದುದಕ್ಕೆ 40, ಖರ್ಚು ಮತ್ತು ಮಿತಿಗಳನ್ನು ಹೇಳಿರುವುದಕ್ಕೆ 20 ಎಂದು ಹಂಚಿದರೆ ಸಾಕಾಗುತ್ತದೆ.

ರೈತ ಬಾಂಧವರಿಗೂ ಒಂದು ಮನವಿ. ಲೇಖನವೊಂದು ಅರ್ಥವಾಗದಿದ್ದರೆ, ನಮಗೆ ಓದು ಸಾಲದು ಎಂದು ಪತ್ರಿಕೆಯನ್ನು ಪಕ್ಕಕ್ಕಿಡಬೇಡಿರಿ. ಯಾವ ಸಾಲು ತಿಳಿಯಲಿಲ್ಲ ಎಂದು ಬರೆದು ಕೇಳಿರಿ. ಅಳತೆ ಸಂಶಯವೆನಿಸಿದರೆ ಕೇಳಿ ತಿಳಿದ ಮೇಲೆಯೇ ಗೊಬ್ಬರವನ್ನಾಗಲಿ ಔಷಧಿಯನ್ನಾಗಲಿ ಹಾಕಿರಿ. ಒಬ್ಬರು ಕೇಳಿದ ಪ್ರಶ್ನೆಯಿಂದ ನೂರು ಎಕರೆ ಉಳಿಯಬಹುದು.

ಅಭ್ಯಾಸ

ಖುಷ್ಕಿ ರಾಗಿಗೆ ಹೆಕ್ಟೇರಿಗೆ ಸಾರಜನಕ 50, ರಂಜಕ 40, ಪೊಟ್ಯಾಷ್ 37.5 ಕಿಲೋ ಶಿಫಾರಸು ಇದೆ. ಒಂದು ಎಕರೆಗೆ ಡಿ.ಎ.ಪಿ., ಮ್ಯೂರಿಯೇಟ್ ಆಫ್ ಪೊಟ್ಯಾಷ್ ಮತ್ತು ಯೂರಿಯಾ ಎಷ್ಟೆಷ್ಟು ಬೇಕೆಂದು ಮೇಲಿನ ಹಂತಗಳಂತೆ ಲೆಕ್ಕ ಮಾಡಿರಿ. ಉತ್ತರ: ಡಿ.ಎ.ಪಿ. ಸುಮಾರು 35 ಕಿಲೋ, ಪೊಟ್ಯಾಷ್ ಗೊಬ್ಬರ 25 ಕಿಲೋ, ಯೂರಿಯಾ ಎಲ್ಲ ಕಂತುಗಳೂ ಸೇರಿ ಸುಮಾರು 30 ಕಿಲೋ.

ಕೊನೆಯದಾಗಿ

ರಾಗಿ ಕಳೆದುಕೊಂಡ ಆ ಹಿರಿಯರು ಅಂದಿನಿಂದ ನನ್ನ ಕರಡುಗಳನ್ನು ಓದುತ್ತಾ ಬಂದಿದ್ದಾರೆ. ಈ ಲೇಖನವನ್ನೂ ಅವರಿಗೆ ಓದಿ ಹೇಳಿದೆ. ರಾಗಿಯ ಮೇಲುಗೊಬ್ಬರದ ಬಗ್ಗೆ ನಾನು ಮೊದಲು 'ಸಾಕಷ್ಟು ತೇವಾಂಶವಿರುವಾಗ' ಎಂದು ಬರೆದಿದ್ದೆ. ಅವರು ಕೈಯೆತ್ತಿ ತಡೆದು, "ಸಾಕಷ್ಟು ಅಂದ್ರೆ ಎಷ್ಟು ಸ್ವಾಮಿ?" ಎಂದರು. ಹಿಡಿ ಮಣ್ಣಿನ ಉಂಡೆಯ ಮಾತು ಅವರು ಹೇಳಿಕೊಟ್ಟದ್ದು.